ಕೂಲಿ ಏರಿದರೆ ತೋಟ ಉಳಿದೀತೇ?

ಈ ಬಾರಿಯ ಸದಸ್ಯರ ಸಭೆಯಲ್ಲಿ ಹೆಚ್ಚು ಹೊತ್ತು ಚರ್ಚೆಯಾದದ್ದು ಗೊಬ್ಬರದ ಬೆಲೆಯಲ್ಲ, ಅಡಿಕೆಯ ಧಾರಣೆಯೂ ಅಲ್ಲ; ಆಳಿನ ಕೂಲಿ. ಸರ್ಕಾರ ಕನಿಷ್ಠ ವೇತನವನ್ನು ಏರಿಸುತ್ತ ಹೋದರೆ ಎರಡು-ಮೂರು ಎಕರೆಯ ಬೆಳೆಗಾರ ಬದುಕುವುದು ಹೇಗೆಂದು ಹಲವರು ಕೇಳಿದರು. ಹತ್ತು ಎಕರೆಗಿಂತ ಕಡಿಮೆ ತೋಟವುಳ್ಳವರಿಗೆ ಕನಿಷ್ಠ ವೇತನದಿಂದ ವಿನಾಯಿತಿ ಕೊಡಬೇಕೆಂದು ಸರ್ಕಾರವನ್ನು ಕೋರುವ ನಿರ್ಣಯದ ಕರಡನ್ನೂ ಕೆಲವು ಸದಸ್ಯರು ಕೊಟ್ಟಿದ್ದಾರೆ. ಅದು ವಾರ್ಷಿಕ ಮಹಾಸಭೆಯ ಮುಂದೆ ಬರಲಿದೆ.

ಕೈ ಎತ್ತುವ ಮುನ್ನ ಕಾನೂನು ಏನು ಹೇಳುತ್ತದೆ, ಕೂಲಿ ಏರಿದಾಗ ನಿಜವಾಗಿ ಏನಾಗುತ್ತದೆ, ಅದರ ಭಾರ ಯಾರ ಹೆಗಲಿಗೆ ಎಷ್ಟು ಬೀಳುತ್ತದೆ ಎಂಬುದನ್ನು ಸದಸ್ಯ ಬಂಧುಗಳ ಮುಂದಿಡುವುದು ನಮ್ಮ ಕರ್ತವ್ಯ. ನಾವೂ ತೋಟವುಳ್ಳವರೇ. ಶನಿವಾರದ ಬಟವಾಡೆಗೆ ಹಣ ಹೊಂದಿಸುವ ಕಷ್ಟ ನಮಗೆ ಹೊಸದಲ್ಲ. ಹಾಗಿದ್ದೂ ಈ ಕರಡು ನಿರ್ಣಯದಿಂದ ನಮಗೆ ಲಾಭವಿಲ್ಲವೆಂದೇ ನಮ್ಮ ಅಭಿಪ್ರಾಯ. ಕಾರಣಗಳನ್ನು ಒಂದೊಂದಾಗಿ ಹೇಳುತ್ತೇವೆ.

ಕಾನೂನು ಹೇಳುವುದೇನು

ಮೊದಲಿಗೆ ಎರಡು ಕಾನೂನುಗಳನ್ನು ಬೇರೆ ಬೇರೆಯಾಗಿ ನೋಡಬೇಕು. 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆ ಲೈನ್ ಮನೆ, ಆಸ್ಪತ್ರೆ, ಶಿಶುವಿಹಾರ ಮುಂತಾದ ಸೌಕರ್ಯಗಳಿಗೆ ಸಂಬಂಧಪಟ್ಟದ್ದು. ಮೊದಲಲ್ಲಿ ಅದು 25 ಎಕರೆ ಮತ್ತು 30 ಆಳುಗಳಿಗೆ ಮೇಲ್ಪಟ್ಟ ತೋಟಗಳಿಗೆ ಅನ್ವಯಿಸುತ್ತಿತ್ತು. 1981ರ ತಿದ್ದುಪಡಿಯಿಂದ ಆ ಮಿತಿ 5 ಹೆಕ್ಟೇರ್ ಮತ್ತು 15 ಆಳುಗಳಿಗೆ ಇಳಿಯಿತು. ನಮ್ಮ ಬಹುಪಾಲು ಸದಸ್ಯರು ಅದರ ಹೊರಗೇ ಉಳಿದರು. ಹಾಗಾಗಿ "ಸಣ್ಣ ತೋಟಕ್ಕೆ ಕಾರ್ಮಿಕ ಕಾನೂನು ಇಲ್ಲ" ಎಂಬ ಮಾತು ಊರೂರಲ್ಲಿ ಬೆಳೆಯಿತು.

ಕನಿಷ್ಠ ವೇತನದ ಮಾತು ಬೇರೆ. 1948ರ ಕನಿಷ್ಠ ವೇತನ ಕಾಯ್ದೆಯ ಅನುಸೂಚಿಯ ಮೊದಲ ಭಾಗದಲ್ಲಿಯೇ ಕಾಫಿ ತೋಟದ ಕೆಲಸ ಸೇರಿತ್ತು; ಎರಡನೆಯ ಭಾಗದಲ್ಲಿ ಬೇಸಾಯವಿತ್ತು. ಒಬ್ಬನೇ ಆಳನ್ನು ಇಟ್ಟುಕೊಂಡವನಿಗೂ ಕಾನೂನು ಅನ್ವಯಿಸುತ್ತಿತ್ತು. ಈಗ ಆ ಕಾಯ್ದೆಯ ಜಾಗದಲ್ಲಿ 2019ರ ವೇತನ ಸಂಹಿತೆ ಇದೆ. 2025ರ ನವೆಂಬರ್ 21ರಿಂದ ಅದು ಜಾರಿಗೆ ಬಂದಿದೆ. ಅನುಸೂಚಿಯ ಪ್ರಶ್ನೆಯೇ ಈಗಿಲ್ಲ. ಎಲ್ಲ ಉದ್ಯೋಗಕ್ಕೂ ಕನಿಷ್ಠ ವೇತನವುಂಟು. ಕೇಂದ್ರ ಸರ್ಕಾರ ಒಂದು ತಳಮಟ್ಟದ ವೇತನವನ್ನು ಗೊತ್ತುಪಡಿಸುತ್ತದೆ, ಅದಕ್ಕಿಂತ ಕೆಳಗೆ ರಾಜ್ಯಗಳು ಇಳಿಯುವಂತಿಲ್ಲ. ಐದು ವರ್ಷಕ್ಕೆ ಮೀರದಂತೆ ದರವನ್ನು ಪರಿಶೀಲಿಸಬೇಕೆಂಬ ನಿಯಮ ಹಳೆಯ ಕಾಯ್ದೆಯಲ್ಲೂ ಇತ್ತು, ಹೊಸದರಲ್ಲೂ ಇದೆ.

ಈ ದರವನ್ನು ಯಾವ ಅಳತೆಯಿಂದ ಗೊತ್ತುಮಾಡುತ್ತಾರೆ? 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಹಾಕಿಕೊಟ್ಟ ಲೆಕ್ಕ ಇದು: ದುಡಿಯುವವನ ಸಂಸಾರವನ್ನು ಮೂರು ಘಟಕವೆಂದು ಹಿಡಿಯುವುದು, ಒಂದೊಂದು ಘಟಕಕ್ಕೆ ದಿನಕ್ಕೆ 2,700 ಕ್ಯಾಲೊರಿಯ ಊಟ, ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಸೌದೆ, ದೀಪ ಮುಂತಾದವಕ್ಕೆ ಶೇಕಡ 20. ಮಕ್ಕಳ ಓದು, ಔಷಧ, ಮುಪ್ಪು, ಮದುವೆ-ಹಬ್ಬಗಳಿಗೆಂದು ಇನ್ನೂ ಶೇಕಡ 25 ಸೇರಬೇಕೆಂದು ಸುಪ್ರೀಂ ಕೋರ್ಟು 1991ರಲ್ಲಿ ಹೇಳಿತು. ಇದರಲ್ಲಿ ಎಲ್ಲಿಯೂ ತೋಟದ ಇಳುವರಿ, ಕಾಫಿಯ ಧಾರಣೆ ಬರುವುದಿಲ್ಲವೆಂಬುದನ್ನು ಗಮನಿಸಬೇಕು. ಉಣ್ಣುವ ಬಾಯಿಯೇ ಅದರ ಅಳತೆ.

"ನಮಗೆ ಕೊಡುವ ಶಕ್ತಿಯಿಲ್ಲ" ಎಂಬ ವಾದ ನ್ಯಾಯಾಲಯದಲ್ಲಿ ನಿಲ್ಲದಿರುವುದೂ ಇದಕ್ಕಾಗಿಯೇ. ಕೇರಳದ ಹೆಂಚಿನ ಕಾರ್ಖಾನೆಗಳವರು ಇದೇ ವಾದ ಹೂಡಿದಾಗ, ಕನಿಷ್ಠ ವೇತನ ನಿಗದಿಮಾಡುವಲ್ಲಿ ಮಾಲಿಕನ ಶಕ್ತಿಯನ್ನು ನೋಡಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟು 1961ರಲ್ಲಿ ತೀರ್ಮಾನಿಸಿತು. ದೆಹಲಿಯ ಏಷ್ಯನ್ ಕ್ರೀಡೆಗಳ ಕಟ್ಟಡ ಕೆಲಸಗಾರರ ಮೊಕದ್ದಮೆಯಲ್ಲಿ 1982ರಲ್ಲಿ ಅದೇ ನ್ಯಾಯಾಲಯ ಇನ್ನೂ ಮುಂದೆ ಹೋಗಿ, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದಿತು. ನಮ್ಮ ಹೈಕೋರ್ಟು 2011ರಲ್ಲಿ ಸರ್ಕಾರದ ಉದ್ಯೋಗ ಖಾತರಿ ಕೂಲಿಯೂ ರಾಜ್ಯದ ಕನಿಷ್ಠ ವೇತನಕ್ಕಿಂತ ಕಡಿಮೆಯಿರಕೂಡದೆಂದು ತೀರ್ಪಿತ್ತಿತು. ಸರ್ಕಾರಕ್ಕೇ ಸಿಗದ ವಿನಾಯಿತಿ ಹತ್ತು ಎಕರೆಯವನಿಗೆ ಸಿಕ್ಕೀತೆಂದು ನಂಬುವುದು ಕಷ್ಟ. ಕರಡು ನಿರ್ಣಯದ ಮೊದಲ ತೊಡಕು ಇದು.

ಸಿದ್ಧಾರ್ಥನಗರವೂ ಸಿದ್ದಾಪುರವೂ

ಎರಡನೆಯ ತೊಡಕು ಇನ್ನೂ ದೊಡ್ಡದು. ಒಂದು ವೇಳೆ ವಿನಾಯಿತಿ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಕಡಿಮೆ ಕೂಲಿಗೆ ಆಳು ಬಂದಾರೆಯೇ?

ನಮ್ಮ ಸಂಘದ ಮೈಸೂರು ಕಚೇರಿ ಇರುವ ಸಿದ್ಧಾರ್ಥನಗರ ಚಾಮುಂಡಿ ಬೆಟ್ಟದ ತಪ್ಪಲಿನ, ಲಲಿತ ಮಹಲ್ ರಸ್ತೆಗೆ ಹೊಂದಿಕೊಂಡ ಬಡಾವಣೆ. ಜಿಲ್ಲಾಧಿಕಾರಿಗಳ ಹೊಸ ಕಚೇರಿ ಸಂಕೀರ್ಣವೂ ಇಲ್ಲಿಯೇ ಎದ್ದಿದೆ. ಹಳೆಯ ಮನೆ ಕೆಡವಿ ಮೂರು ಅಂತಸ್ತು ಕಟ್ಟುವ ಕೆಲಸ ಒಂದಲ್ಲ ಒಂದು ಬೀದಿಯಲ್ಲಿ ನಡೆದೇ ಇರುತ್ತದೆ. ಜಲ್ಲಿ ಹೊರುವವರನ್ನು, ಗಾರೆ ಕಲಸುವವರನ್ನು ಯಾವ ಊರೆಂದು ಕೇಳಿದರೆ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಕಡೆಯ ಹಳ್ಳಿಗಳ ಹೆಸರು ಹೇಳುತ್ತಾರೆ. ಕೊಯ್ಲಿನ ಕಾಲದಲ್ಲಿ ಜೀಪು ಕಳಿಸಿ ನಾವು ಆಳು ಕರೆಸುತ್ತಿದ್ದುದೂ ಇದೇ ಹಳ್ಳಿಗಳಿಂದ.

ಹುಣಸೂರು ತಾಲ್ಲೂಕಿನ ಒಬ್ಬ ಹೆಣ್ಣಾಳಿನ ಮುಂದೆ ಈಗ ಹಲವು ದಾರಿಗಳಿವೆ. ಪಶ್ಚಿಮಕ್ಕೆ ಹೋದರೆ ಸಿದ್ದಾಪುರದ ಕಾಫಿ ತೋಟ. ಪೂರ್ವಕ್ಕೆ ಬಸ್ಸು ಹತ್ತಿದರೆ ಸಿದ್ಧಾರ್ಥನಗರದ ಕಟ್ಟಡ. ದಕ್ಷಿಣಕ್ಕೆ ಬಾವಲಿ ದಾಟಿದರೆ ವಯನಾಡು. ಎಲ್ಲಿಗೂ ಹೋಗದಿದ್ದರೆ ಊರಲ್ಲೇ ಶುಂಠಿ ಹೊಲ. ಕೇರಳದ ಕೂಲಿ ದೇಶದಲ್ಲೇ ಹೆಚ್ಚಿನದು. ರಿಸರ್ವ್ ಬ್ಯಾಂಕು ಪ್ರಕಟಿಸಿದ 2022–23ರ ಅಂಕಿಯಂತೆ ಅಲ್ಲಿಯ ಗಂಡಾಳಿನ ಬೇಸಾಯದ ದಿನಗೂಲಿ ಸರಾಸರಿ 764 ರೂಪಾಯಿ. ಇಡೀ ದೇಶದ ಸರಾಸರಿ 345. ಉದ್ಯೋಗ ಖಾತರಿಯ ಕೂಲಿ ಕರ್ನಾಟಕದಲ್ಲಿ 2025–26ಕ್ಕೆ 370 ರೂಪಾಯಿ ಎಂದು ಗೊತ್ತಾಗಿತ್ತು. ಇಷ್ಟು ದಾರಿ ತೆರೆದಿರುವಾಗ ಆಕೆ ಸರ್ಕಾರದ ಆಜ್ಞೆಯನ್ನು ಓದಿ ನಮ್ಮಲ್ಲಿಗೆ ಬರುವುದಿಲ್ಲ. ಬಸ್ಸಿನ ಚಾರ್ಜು ಕಳೆದು ಕೈಯಲ್ಲಿ ಎಷ್ಟು ಉಳಿಯುತ್ತದೆಂದು ನೋಡಿ ಬರುತ್ತಾಳೆ.

ಕೊಡಗಿನ ತೋಟಗಳಿಗೆ ಅಸ್ಸಾಮಿನಿಂದ ಆಳುಗಳು ಬರುವುದಕ್ಕೂ ಇದೇ ಕಾರಣ. ಬ್ರಹ್ಮಪುತ್ರ ಕಣಿವೆಯ ಟೀ ತೋಟಗಳ ದಿನಗೂಲಿ 2023ರ ಅಕ್ಟೋಬರ್‌ನಲ್ಲಿ ಏರಿದ್ದು 250 ರೂಪಾಯಿಗೆ. ಪಡಿತರ, ಮನೆ ಬೇರೆ ಇದ್ದರೂ ನಗದು ಅಷ್ಟೇ. ಎರಡು ಮೂರು ದಿನದ ರೈಲು ಪ್ರಯಾಣ ಮಾಡಿ ಜನ ಇಲ್ಲಿಗೆ ಬರುವಂತಾದದ್ದು ಅಲ್ಲಿಯ ಕೂಲಿ ಕಡಿಮೆಯಿದ್ದುದರಿಂದ. ಕಡಿಮೆ ಕೂಲಿಯಲ್ಲಿ ತೋಟ ಉಳಿಸಿಕೊಳ್ಳುತ್ತೇವೆಂದು ಹೊರಟ ಸೀಮೆಯಲ್ಲಿ ಆಳೇ ಉಳಿಯುವುದಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಕೊಯ್ಲಿನ ಎರಡು-ಮೂರು ತಿಂಗಳಲ್ಲಂತೂ ನಾವು ಕೊಡುವ ಕೂಲಿ ಕೆ.ಜಿ. ಲೆಕ್ಕದಲ್ಲಿ ಗೊತ್ತಾಗುತ್ತದೆ, ಪಕ್ಕದ ತೋಟದವನು ಎಷ್ಟು ಕೊಡುತ್ತಾನೋ ಅಷ್ಟನ್ನು ನಾವೂ ಕೊಡಲೇಬೇಕು. ಹಣ್ಣು ಗಿಡದಲ್ಲೇ ಒಣಗಿ ಉದುರುವಾಗ ಸರ್ಕಾರಿ ದರದ ಪಟ್ಟಿಯನ್ನು ಯಾರೂ ತೆಗೆದು ನೋಡುವುದಿಲ್ಲ. ಕನಿಷ್ಠ ವೇತನದ ನಿಜವಾದ ಉಪಯೋಗ ಕೊಯ್ಲಿಲ್ಲದ ದಿನಗಳಲ್ಲಿ, ಕೆಲಸ ಕಡಿಮೆಯಿದ್ದು ಆಳು ಹೆಚ್ಚಿರುವಾಗ. ಕಳೆ ಕೀಳುವ ಹೆಂಗಸರು, ಹಾಡಿಯ ಜೇನುಕುರುಬರು, ಯರವರು, ಬೇರೆಲ್ಲಿಗೂ ಹೋಗಲಾಗದ ವಯಸ್ಸಾದವರು — ಇಂಥವರಿಗೆ ಅದು ಆಸರೆ.

ಕೂಲಿ ಏರಿದರೆ ಕೆಲಸ ಕಡಿಮೆಯಾಗುವುದೇ?

ಅರ್ಥಶಾಸ್ತ್ರದ ಹಳೆಯ ಪಾಠ ಎಲ್ಲರಿಗೂ ಗೊತ್ತಿರುವಂಥದ್ದು. ಬೆಲೆ ಏರಿದರೆ ಕೊಳ್ಳುವವರು ಕಡಿಮೆ. ಕೂಲಿ ಏರಿದರೆ ಕೆಲಸಕ್ಕೆ ಕರೆಯುವವರೂ ಕಡಿಮೆ. ಬಡವನಿಗೆ ಒಳ್ಳೆಯದಾಗಲೆಂದು ಮಾಡಿದ ಕಾನೂನು ಅವನ ಕೆಲಸಕ್ಕೇ ಸಂಚಕಾರ ತರುತ್ತದೆಂಬುದು ಅದರ ತಾತ್ಪರ್ಯ.

ಅಮೆರಿಕದಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದರು. 1992ರ ಏಪ್ರಿಲ್‌ನಲ್ಲಿ ನ್ಯೂಜೆರ್ಸಿ ರಾಜ್ಯ ಗಂಟೆಯ ಕನಿಷ್ಠ ವೇತನವನ್ನು 4.25 ಡಾಲರಿನಿಂದ 5.05 ಡಾಲರಿಗೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯ ಏರಿಸಲಿಲ್ಲ. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಎರಡೂ ಕಡೆಯ ಹೋಟೆಲುಗಳಲ್ಲಿ ಎಷ್ಟು ಜನ ಕೆಲಸಕ್ಕಿದ್ದಾರೆಂದು ಮೊದಲೂ ಆಮೇಲೂ ಎಣಿಸಿದರು. ಕೂಲಿ ಏರಿದ ಕಡೆ ಕೆಲಸ ಕಡಿಮೆಯಾಗಿರಲಿಲ್ಲ. 1994ರಲ್ಲಿ ಪ್ರಕಟವಾದ ಈ ಅಧ್ಯಯನದ ಮೇಲೆ ವಾಗ್ವಾದ ಬಹಳ ನಡೆಯಿತು. 2021ರಲ್ಲಿ ಕಾರ್ಡ್ ಅವರಿಗೆ ನೊಬೆಲ್ ಬಹುಮಾನದ ಪಾಲು ದೊರೆಯಿತು. ಎಲ್ಲ ಅಧ್ಯಯನವೂ ಒಂದೇ ಮಾತು ಹೇಳುವುದಿಲ್ಲವೆಂಬುದನ್ನೂ ಸೇರಿಸಬೇಕು. ಸಿಯಾಟಲ್ ನಗರದಲ್ಲಿ ವೇತನವನ್ನು 13 ಡಾಲರಿಗೆ ಏರಿಸಿದಾಗ ಕಡಿಮೆ ಸಂಬಳದವರಿಗೆ ಸಿಗುವ ಕೆಲಸದ ಗಂಟೆಗಳು ಕಡಿಮೆಯಾದವೆಂದು 2017ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದವರು ವರದಿ ಮಾಡಿದರು.

ಏಕೆ ಈ ವ್ಯತ್ಯಾಸ? ಅದನ್ನು ತಿಳಿಯಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ, ನಮ್ಮ ಸೀಮೆಯ ಹಳೆಯ ಕಥೆ ಸಾಕು. ಸಂತೆಯಲ್ಲಿ ಕೊಳ್ಳುವವನು ಒಬ್ಬನೇ ಇದ್ದರೆ ಮಾರುವವನ ಗತಿ ಏನಾಗುತ್ತದೆಂದು ಬೆಳೆಗಾರರಿಗೆ ಹೇಳಿಕೊಡಬೇಕಾಗಿಲ್ಲ. ಕೂಲಿಯ ಸಂತೆಯೂ ಹಾಗೆಯೇ. ಮುಂಗಡ ಕೊಟ್ಟು ಸಂಸಾರ ಸಮೇತ ಲೈನ್ ಮನೆಯಲ್ಲಿ ಕೂರಿಸಿ, ಸಾಲ ತೀರುವವರೆಗೂ ಹೊರಗೆ ಕಾಲಿಡದಂತೆ ಮಾಡಿದ ಕಾಲವೊಂದಿತ್ತು. ಆಗ ಕೂಲಿ ಎಷ್ಟೆಂದು ಹೇಳುವವನು ಒಬ್ಬನೇ. ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ, 1976ರಲ್ಲಿ, ಜೀತ ಪದ್ಧತಿ ನಿರ್ಮೂಲನ ಕಾಯ್ದೆ ಬಂದು ಆ ಕಟ್ಟನ್ನು ಕಾನೂನಿನಲ್ಲಾದರೂ ಬಿಚ್ಚಿತು. ಅದೇ ವರ್ಷ ಬಂದ ಸಮಾನ ವೇತನ ಕಾಯ್ದೆ ಹೆಣ್ಣಾಳು-ಗಂಡಾಳು ಎಂಬ ಎರಡು ದರ ಕೂಡದೆಂದಿತು. ಹೀಗೆ ಒತ್ತಿ ಹಿಡಿದ ಕೂಲಿಯನ್ನು ಕಾನೂನು ಮೇಲೆತ್ತಿದಾಗ ಕೆಲಸ ಕಡಿಮೆಯಾಗುವುದಿಲ್ಲ. ಬರದೆ ಉಳಿದಿದ್ದವರೂ ಕೆಲಸಕ್ಕೆ ಬರುತ್ತಾರೆ. ಅದೇ, ಕೂಲಿ ಆಗಲೇ ಸ್ಪರ್ಧೆಯಲ್ಲಿ ಮೇಲೇರಿರುವ ಕಡೆ ಕಾನೂನಿನ ದರವನ್ನು ಇನ್ನೂ ಮೇಲಕ್ಕೆ ಒಮ್ಮೆಗೇ ಜಿಗಿಸಿದರೆ ಕೆಲಸ ಕಡಿತವಾಗುತ್ತದೆ.

ನಮ್ಮಲ್ಲಿ ಆ ಕಡಿತ ಯಾವ ರೂಪದಲ್ಲಿ ಬರುತ್ತದೆಂಬುದನ್ನು ಎಲ್ಲರೂ ನೋಡಿದ್ದೇವೆ. ಯಾರೂ ಆಳನ್ನು ಕರೆದು ನಾಳೆಯಿಂದ ಬೇಡವೆನ್ನುವುದಿಲ್ಲ. ವರ್ಷಕ್ಕೆ ಮೂರು ಬಾರಿ ಕೀಳಿಸುತ್ತಿದ್ದ ಕಳೆಯನ್ನು ಎರಡು ಬಾರಿಗೆ ಇಳಿಸುತ್ತೇವೆ, ಉಳಿದದ್ದನ್ನು ಯಂತ್ರದಿಂದ ಕೊಚ್ಚಿಸುತ್ತೇವೆ. ಮರಗಸಿಯನ್ನು ಒಂದು ವರ್ಷ ಮುಂದೂಡುತ್ತೇವೆ. ಅರೇಬಿಕಾದಲ್ಲಿ ಕಾಂಡಕೊರಕದ ಗಿಡ ಹುಡುಕಿ ಕಿತ್ತು ಸುಡುವ ಕೆಲಸ ಹಿಂದೆ ಬೀಳುತ್ತದೆ. ಕೊನೆಗೆ ಅರೇಬಿಕಾ ತೆಗೆದು ರೋಬಸ್ಟಾ ಹಾಕುತ್ತೇವೆ. ಕೂಲಿಯಲ್ಲಿ ಉಳಿಸಿದೆವೆಂದು ಆ ವರ್ಷ ಅನಿಸುತ್ತದೆ. ಎರಡು ವರ್ಷದ ಮೇಲೆ ಚೀಲದ ಲೆಕ್ಕದಲ್ಲಿ ಅದು ಕಳೆದುಹೋಗಿರುತ್ತದೆ.

ಒಂದು ಎಕರೆಯ ಲೆಕ್ಕ

ಈಗ ಭಾರದ ಮಾತು. ಒಂದು ಎಕರೆ ರೋಬಸ್ಟಾ ತೋಟವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಂಕಿಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು. ಸದಸ್ಯರು ತಮ್ಮ ತೋಟದ ಅಂಕಿ ಹಾಕಿ ನೋಡಬಹುದು. ಕಳೆ, ಕಪಾತು, ಚಿಗುರು ತೆಗೆಯುವುದು, ಗೊಬ್ಬರ, ಔಷಧಿ, ಮರಗಸಿ — ಇವಕ್ಕೆಲ್ಲ ವರ್ಷಕ್ಕೆ 60 ಆಳು. ಇಳುವರಿ ಎಷ್ಟೇ ಇರಲಿ, ಈ 60 ಹೆಚ್ಚು ಕಡಿಮೆ ಆಗುವುದಿಲ್ಲ. ಕೊಯ್ಲಿಗೆ, 50 ಕೆ.ಜಿ.ಯ ಒಂದು ಚೀಲ ಒಣ ಚೆರಿಗೆ 2 ಆಳು. ದಿನಗೂಲಿ 50 ರೂಪಾಯಿ ಏರಿತೆನ್ನೋಣ.

ಎಕರೆಗೆ 10 ಚೀಲ ಬೆಳೆಯುವವನಿಗೆ ಒಟ್ಟು 80 ಆಳು, ಹೆಚ್ಚುವರಿ ಖರ್ಚು 4,000 ರೂಪಾಯಿ, ಚೀಲಕ್ಕೆ 400. ಎಕರೆಗೆ 20 ಚೀಲ ಬೆಳೆಯುವವನಿಗೆ 100 ಆಳು, ಖರ್ಚು 5,000, ಚೀಲಕ್ಕೆ 250. ಕೂಲಿ ಇಬ್ಬರಿಗೂ ಒಂದೇ, ಏರಿಕೆಯೂ ಒಂದೇ. ಆದರೆ ಒಬ್ಬನಿಗೆ ಚೀಲದ ಮೇಲೆ 150 ರೂಪಾಯಿ ಹೆಚ್ಚು ಭಾರ. ಆ 150 ರೂಪಾಯಿಯನ್ನು ಅವನ ಮೇಲೆ ಹೇರಿದ್ದು ಕಾರ್ಮಿಕ ಇಲಾಖೆಯಲ್ಲ. ತೋಟದಲ್ಲಿ ಖಾಲಿ ಬಿದ್ದ ಗುಂಡಿಗಳು, ಸುಣ್ಣ ಕಾಣದ ಮಣ್ಣು, ಹೂಮಳೆ ತಪ್ಪಿದಾಗ ನೀರು ಕೊಡಲಾಗದ ಕೆರೆ — ಇವು ಹೇರಿದ್ದು.

ಇದೇ ಲೆಕ್ಕವನ್ನು ಕಾಫಿ ಕುಡಿಯುವವನ ತನಕ ಒಯ್ಯೋಣ. ಒಣ ಚೆರಿ ಸುಲಿದರೆ ಸುಮಾರು ಅರ್ಧದಷ್ಟು ಬೇಳೆ, 50 ಕೆ.ಜಿ.ಗೆ 25 ಎನ್ನೋಣ. ಚೀಲಕ್ಕೆ 400 ರೂಪಾಯಿ ಹೆಚ್ಚಾದರೆ ಬೇಳೆಯ ಕೆ.ಜಿ.ಗೆ 16 ರೂಪಾಯಿ. ಹುರಿಯುವಾಗ ಆರರಲ್ಲಿ ಒಂದು ಪಾಲು ತೂಕ ಹೋಗುತ್ತದೆ, ಪುಡಿಯ ಕೆ.ಜಿ.ಗೆ 19 ರೂಪಾಯಿ ಚಿಲ್ಲರೆ. ಒಂದು ಲೋಟಕ್ಕೆ 10 ಗ್ರಾಂ ಪುಡಿಯೆಂದರೆ ಕೆ.ಜಿ.ಗೆ 100 ಲೋಟ. ಅಂದರೆ ಲೋಟಕ್ಕೆ 19 ಪೈಸೆ! ಸಿದ್ಧಾರ್ಥನಗರದ ಹೋಟೆಲಿನಲ್ಲಿ ಕಾಫಿಯ ದರ ಏರಿಸುವಾಗ ಐದು ರೂಪಾಯಿಗೆ ಕಡಿಮೆ ಏರಿಸುವುದಿಲ್ಲ. ಇಡೀ ಕೂಲಿ ಏರಿಕೆಯನ್ನು ಕುಡಿಯುವವನೇ ಕೊಟ್ಟರೂ ಅವನಿಗೆ ಗೊತ್ತೇ ಆಗದು.

ಆದರೆ ಆ 19 ಪೈಸೆ ನಮ್ಮ ಕೈಗೆ ಬರುವುದಿಲ್ಲ. ನಮ್ಮ ಬೆಲೆ ನ್ಯೂಯಾರ್ಕ್, ಲಂಡನ್ ಪೇಟೆಗಳಲ್ಲಿ ತೀರ್ಮಾನವಾಗುತ್ತದೆ. ಅಲ್ಲಿ ಬ್ರೆಜಿಲಿನ ಮಳೆ, ವಿಯೆಟ್ನಾಮಿನ ಬೆಳೆ ಲೆಕ್ಕಕ್ಕೆ ಬರುತ್ತವೆ. ಕೊಡಗಿನ ಕೂಲಿ ಬರುವುದಿಲ್ಲ. ಸಿಮೆಂಟು ಕಾರ್ಖಾನೆಯವನು ಖರ್ಚು ಹೆಚ್ಚಾದರೆ ಬೆಲೆ ಏರಿಸಬಲ್ಲ. ಸಣ್ಣ ಬೆಳೆಗಾರ ಏರಿಸಲಾರ. ನಮ್ಮ ಕೊರಗಿನ ಮೂಲ ಇಲ್ಲಿದೆ.

ಅಡಿಕೆ ತೋಟ ಹೇಳುವ ಮಾತು

ಅಡಿಕೆಯವರಿಗೆ ಈ ಚರ್ಚೆ ಸ್ವಲ್ಪ ಬೇರೆ. ಮರ ಹತ್ತಿ ಕೊನೆ ಇಳಿಸುವವನಿಗೆ, ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯುವವನಿಗೆ ಕೊಡುವ ಕೂಲಿ ಯಾವ ಸರ್ಕಾರಿ ದರಕ್ಕಿಂತಲೂ ಎಷ್ಟೋ ಮೇಲಿದೆ. ಕನಿಷ್ಠ ವೇತನ ಏರಿದರೂ ಇಳಿದರೂ ಕೊನೆಗಾರನ ಕೂಲಿ ಅಲುಗುವುದಿಲ್ಲ. ಕಾರಣ ಸರಳ: ಆ ಕಸುಬು ಬಲ್ಲವರು ಕಡಿಮೆ, ಬಿದ್ದರೆ ಬದುಕು ಹೋಗುತ್ತದೆ, ಅಪ್ಪನ ಕಸುಬಿಗೆ ಮಗ ಬರುತ್ತಿಲ್ಲ.

ಆದರೆ ಅಡಿಕೆ ಬೆಳೆಗಾರರು ಇದಕ್ಕೆ ಕಂಡುಕೊಂಡ ಉಪಾಯ ಕಾಫಿಯವರಿಗೂ ಪಾಠ. ಸುಲಿಯುವ ಯಂತ್ರ ಬಂತು. ನೆಲದಲ್ಲೇ ನಿಂತು ಕೊಯ್ಯುವ, ಔಷಧಿ ಹೊಡೆಯುವ ಕಾರ್ಬನ್ ಫೈಬರ್ ದೋಟಿ ಬಂತು. 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕ್ಯಾಂಪ್ಕೊದಂಥ ಸಹಕಾರಿ ಸಂಸ್ಥೆ ಖರೀದಿಗೆ ನಿಂತದ್ದಲ್ಲದೆ ಯುವಕರಿಗೆ ಮರ ಹತ್ತುವ ಶಿಬಿರಗಳಿಗೂ ಕೈಜೋಡಿಸಿತು. ಕೂಲಿ ಇಳಿಸಿರೆಂದು ಅವರು ಯಾರ ಬಾಗಿಲಿಗೂ ಹೋಗಲಿಲ್ಲ; ಒಬ್ಬ ಆಳು ದಿನಕ್ಕೆ ಮಾಡುವ ಕೆಲಸ ಹೆಚ್ಚುವಂತೆ ನೋಡಿಕೊಂಡರು. ದೋಟಿ ಹಿಡಿದವನಿಗೆ ಹೆಚ್ಚು ಕೂಲಿ ಕೊಟ್ಟರೂ ಮರದ ಲೆಕ್ಕದಲ್ಲಿ ಖರ್ಚು ಏರುವುದಿಲ್ಲ.

ಅಪಾಯ ಎಲ್ಲಿದೆ

ಹಾಗೆಂದು ಕೂಲಿ ಏರಿಕೆಯಿಂದ ಭಯವೇ ಬೇಡವೆಂದು ನಾವು ಹೇಳುತ್ತಿಲ್ಲ. ಅಪಾಯವಿದೆ, ಅದು ಬರುವುದು ಎರಡು ಸಂದರ್ಭಗಳಲ್ಲಿ.

ಮೊದಲನೆಯದು, ಧಾರಣೆ ಕುಸಿದ ವರ್ಷ. ಧಾರಣೆ ಇಳಿಯುತ್ತದೆ, ಕೂಲಿ ಇಳಿಯುವುದಿಲ್ಲ. 2001–02ರಲ್ಲಿ ನ್ಯೂಯಾರ್ಕಿನಲ್ಲಿ ಅರೇಬಿಕಾ ಪೌಂಡಿಗೆ 50 ಸೆಂಟಿಗಿಂತ ಕೆಳಗೆ ಬಿದ್ದಾಗ ಕೊಯ್ಲಿನ ಕೂಲಿ ಹುಟ್ಟದೆ ಹಣ್ಣು ಬಿಟ್ಟವರನ್ನು ಕಂಡಿದ್ದೇವೆ. ಅದೇ ಪೇಟೆಯಲ್ಲಿ 1977ರ ಹಳೆಯ ದಾಖಲೆ 2024ರ ಡಿಸೆಂಬರ್‌ನಲ್ಲಿ ಮುರಿಯಿತು. 2025ರ ಫೆಬ್ರವರಿಯಲ್ಲಿ ಪೌಂಡಿಗೆ 4 ಡಾಲರ್ ದಾಟಿತು. ಒಳ್ಳೆಯ ಧಾರಣೆಯಲ್ಲಿ 50 ರೂಪಾಯಿ ಏರಿಕೆ ಗಮನಕ್ಕೂ ಬಾರದು. ಕೆಟ್ಟ ಧಾರಣೆಯಲ್ಲಿ ಅದೇ 50 ತೋಟವನ್ನು ಮಾರಿಸುತ್ತದೆ.

ಎರಡನೆಯದು, ಒಮ್ಮೆಗೇ ಬರುವ ದೊಡ್ಡ ಏರಿಕೆ. ತುಟ್ಟಿಭತ್ಯೆ ವರ್ಷಕ್ಕೊಮ್ಮೆ ಏಪ್ರಿಲ್ 1ರಿಂದ ಏರುತ್ತ ಬಂದಿದೆ. ಅದನ್ನು ಹೊಂದಿಸಿಕೊಳ್ಳುವುದು ಕಷ್ಟವಲ್ಲ. ಮೂಲ ದರದ ಪರಿಷ್ಕರಣೆ ಮಾತ್ರ ವರ್ಷಗಟ್ಟಲೆ ನಿಂತು, ಆಮೇಲೆ ಒಂದೇ ಏಟಿಗೆ ಬರುತ್ತದೆ. ಕೇರಳದ ಮುನ್ನಾರಿನಲ್ಲಿ 2015ರ ಸೆಪ್ಟೆಂಬರಿನಲ್ಲಿ ಟೀ ತೋಟದ ಹೆಂಗಸರು ಸಂಘಗಳ ಮುಖಂಡರನ್ನೂ ದೂರವಿಟ್ಟು ರಸ್ತೆಗೆ ಕುಳಿತರು. ಅವರ ಹೋರಾಟದ ಕೊನೆಗೆ ದಿನಗೂಲಿ 232 ರೂಪಾಯಿಯಿಂದ 301ಕ್ಕೆ ಒಮ್ಮೆಗೇ ಏರಿತು. ನ್ಯಾಯವಾಗಿ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಬರಬೇಕಾದದ್ದನ್ನು ತಡೆಹಿಡಿದರೆ ಕೊನೆಗೆ ಹೀಗೆಯೇ ಬರುತ್ತದೆ.

ಈ ಎರಡು ಅಪಾಯಕ್ಕೂ ಹೆಚ್ಚು ಸಿಕ್ಕಿಕೊಳ್ಳುವವರು ಯಾರೆಂಬುದನ್ನೂ ಹೇಳಬೇಕು. ಮಕ್ಕಳು ಬೆಂಗಳೂರು ಸೇರಿ, ಗಂಡ ಹೆಂಡತಿ ಇಬ್ಬರೇ ಮುಪ್ಪಿನಲ್ಲಿ ಮೂರು ಎಕರೆ ನೋಡಿಕೊಳ್ಳುವ ಮನೆಗಳು. "ತಾನು ಮಾಡುವುದು ಉತ್ತಮ, ಆಳು ಮಾಡುವುದು ಹಾಳು" ಎಂಬ ಗಾದೆ ಮೈಯಲ್ಲಿ ಕಸುವಿದ್ದವರಿಗೆ ಸರಿ. ಇವರಿಗೆ ಪ್ರತಿಯೊಂದು ಕೆಲಸಕ್ಕೂ ಆಳೇ ಬೇಕು. ಇನ್ನೊಂದು ಕಡೆ, ಒಂದು ಎಕರೆ ಇಟ್ಟುಕೊಂಡು ಉಳಿದ ದಿನ ಬೇರೆ ತೋಟಕ್ಕೆ ಕೆಲಸಕ್ಕೆ ಹೋಗುವ ಸದಸ್ಯರೂ ನಮ್ಮ ಸಂಘದಲ್ಲಿದ್ದಾರೆ. ಅವರಿಗೆ ಕೂಲಿ ಏರಿಕೆ ಖರ್ಚಿಗಿಂತ ಹೆಚ್ಚು ವರಮಾನ. ಸಂಘದ ಹೆಸರಿನಲ್ಲಿ ವಿನಾಯಿತಿ ಕೇಳುವಾಗ ಆ ಸದಸ್ಯರ ಕೂಲಿಯನ್ನು ಇಳಿಸಿರೆಂದು ಅವರದೇ ಸಂಘ ಕೇಳಿದಂತಾಗುತ್ತದೆ. ಸಹಕಾರ ಸಂಘಕ್ಕೆ ಅದು ಹೇಳಿಸಿದ ಮಾತಲ್ಲ.

ನಿರ್ಣಯ ಹೇಗಿರಬೇಕು

ಆದುದರಿಂದ ಕರಡಿನ ಬದಲು ಮಹಾಸಭೆ ಈ ಕೆಳಗಿನ ಅಂಶಗಳನ್ನು ಪರಿಶೀಲಿಸಬೇಕೆಂದು ನಮ್ಮ ಸಲಹೆ.

1. ಕನಿಷ್ಠ ವೇತನ ಬೇಡವೆನ್ನುವ ಬದಲು, ಪರಿಷ್ಕರಣೆ ವರ್ಷ ವರ್ಷವೂ ಸಣ್ಣ ಹೆಜ್ಜೆಯಲ್ಲಿ ಬರಲಿ, ಕೊಯ್ಲು ಆರಂಭವಾಗುವ ಮುನ್ನ, ಅಕ್ಟೋಬರಿನೊಳಗೆ ದರ ಗೊತ್ತಾಗಲಿ ಎಂದು ಸರ್ಕಾರವನ್ನು ಕೋರುವುದು. ಇದು ಸಿಗಬಲ್ಲ ಬೇಡಿಕೆ.

2. ಉದ್ಯೋಗ ಖಾತರಿಯ 2005ರ ಕಾಯ್ದೆಯ ಜಾಗಕ್ಕೆ ಸಂಸತ್ತು 2025ರ ಡಿಸೆಂಬರ್‌ನಲ್ಲಿ ಹೊಸ ಕಾಯ್ದೆಯನ್ನು ಅಂಗೀಕರಿಸಿತು. ಬಿತ್ತನೆ, ಕೊಯ್ಲಿನ ಕಾಲದಲ್ಲಿ 60 ದಿನದವರೆಗೆ ಕಾಮಗಾರಿ ನಿಲ್ಲಿಸುವ ಅವಕಾಶ ಅದರಲ್ಲಿದೆ. ಆ ದಿನಗಳನ್ನು ಗೊತ್ತುಮಾಡುವಾಗ ಭತ್ತ, ರಾಗಿಯ ಜೊತೆಗೆ ಕಾಫಿ ಕೊಯ್ಲಿನ ಕಾಲವನ್ನೂ ಗಮನಿಸಬೇಕೆಂದು ಕೇಳುವುದು. ಇದನ್ನು ಕೇಳುವವರು ಆ ದಿನಗಳಲ್ಲಿ ನ್ಯಾಯವಾದ ಕೂಲಿ ಕೊಡುತ್ತೇವೆಂಬ ಮಾತನ್ನೂ ಜೊತೆಗೇ ಕೊಡಬೇಕು.

3. ಸಂಘದಲ್ಲಿ ಕೂಲಿ ನಿಧಿಯೊಂದನ್ನು ತೆರೆಯುವುದು. ಒಳ್ಳೆಯ ಧಾರಣೆಯ ವರ್ಷದಲ್ಲಿ ಪ್ರತಿ ಚೀಲಕ್ಕೆ 200 ರೂಪಾಯಿಯನ್ನು ಸದಸ್ಯರ ಹೆಸರಿನಲ್ಲೇ ಠೇವಣಿ ಹಿಡಿಯುವುದು. 20 ಚೀಲ ಬೆಳೆಯುವವನಿಗೆ ಇದು ವರ್ಷಕ್ಕೆ 4,000. ಐದು ವರ್ಷಕ್ಕೆ ಬಡ್ಡಿ ಬಿಟ್ಟು 20,000. ಮೇಲೆ ಹೇಳಿದ ಲೆಕ್ಕದ ಪ್ರಕಾರ 50 ರೂಪಾಯಿ ಏರಿಕೆಯ ಹೊರೆಯನ್ನು ಕೆಟ್ಟ ಧಾರಣೆಯ ನಾಲ್ಕು ವರ್ಷ ಹೊರಲು ಅಷ್ಟು ಸಾಕು. ಧಾರಣೆ ನಿಗದಿತ ಮಟ್ಟಕ್ಕಿಂತ ಇಳಿದ ವರ್ಷ ಮಾತ್ರ ಬಟವಾಡೆಗೆಂದು ತೆಗೆಯಲು ಅವಕಾಶ.

4. ಕಳೆ ಕೊಚ್ಚುವ ಯಂತ್ರ, ಗುಂಡಿ ತೋಡುವ ಯಂತ್ರ, ದೋಟಿ, ಔಷಧಿ ಹೊಡೆಯುವ ಪಂಪುಗಳನ್ನು ಸಂಘವೇ ಕೊಂಡು ದಿನ ಬಾಡಿಗೆಗೆ ಕೊಡುವುದು. ಮೂರು ಎಕರೆಯವನು ಇವನ್ನೆಲ್ಲ ಕೊಂಡರೆ ಸಾಲ. ಮೂವತ್ತು ಜನ ಸೇರಿದರೆ ಆಸ್ತಿ. ಮರ ಹತ್ತುವವರಿಗೆ ವಿಮೆಯ ಕಂತನ್ನು ಬಾಡಿಗೆಯಿಂದಲೇ ಕಟ್ಟಬಹುದು.

5. ನಮ್ಮ ಹಿರಿಯರಲ್ಲಿ ಮುಯ್ಯಾಳು ಪದ್ಧತಿಯಿತ್ತು. ಇಂದು ನಿನ್ನ ಗದ್ದೆ, ನಾಳೆ ನನ್ನ ಗದ್ದೆ. ಅದನ್ನೇ ಹೊಸ ರೀತಿಯಲ್ಲಿ, ಗ್ರಾಮವಾರು ಆಳಿನ ಪಟ್ಟಿಯಾಗಿ ಸಂಘ ನಡೆಸುವುದು. ಯಾವ ತೋಟದ ಹಣ್ಣು ಯಾವ ವಾರ ಕೊಯ್ಲಿಗೆ ಬರುತ್ತದೆಂದು ಬರೆದಿಟ್ಟರೆ ಒಂದೇ ತಂಡ ಮೂರು ತೋಟ ಮುಗಿಸುತ್ತದೆ. ಆಳಿಗೂ ಬಿಡುವಿಲ್ಲದ ಕೆಲಸ, ನಮಗೂ ಮೇಲೆ ಮೇಲೆ ಹರಾಜು ಕೂಗುವ ಪಾಡಿಲ್ಲ. ತಕ್ಕಡಿ ಮುದ್ರೆಯದ್ದಿರಬೇಕು, ತೂಕ ಚೀಟಿಯಲ್ಲಿ ಬರೆದಿರಬೇಕು, ಬಟವಾಡೆ ವಾರಕ್ಕೊಮ್ಮೆ ತಪ್ಪದೆ ಆಗಬೇಕು. ಆಳು ಮರುವರ್ಷವೂ ಬರುವುದು ಇಷ್ಟರಿಂದಲೇ.

6. ಸಂಘದ ಮೈಸೂರು ಕಚೇರಿಯಲ್ಲಿ ಹುರಿದ ಪುಡಿಯ ಮಾರಾಟವನ್ನು ಆರಂಭಿಸುವುದು. ಬೆಳೆಯ ಸಣ್ಣ ಪಾಲನ್ನಾದರೂ ಪುಡಿ ಮಾಡಿ ಮಾರಿದರೆ ಆ 19 ಪೈಸೆಯಷ್ಟಾದರೂ ಬೆಳೆದವನ ಕೈಗೆ ಬರಲು ದಾರಿಯಾಗುತ್ತದೆ.

ಇವುಗಳಲ್ಲಿ ಮೊದಲಿನ ಎರಡು ಸರ್ಕಾರದ ಕೈಯಲ್ಲಿವೆ. ಉಳಿದ ನಾಲ್ಕು ನಮ್ಮ ಕೈಯಲ್ಲೇ ಇವೆ. ಕೂಲಿ ನಿಧಿಯ ಉಪವಿಧಿಗಳ ಕರಡನ್ನು ಆಡಳಿತ ಮಂಡಳಿ ಸಿದ್ಧಪಡಿಸುತ್ತಿದೆ. ಪ್ರತಿ ಸದಸ್ಯರಿಗೂ ಮಹಾಸಭೆಯ ನೋಟೀಸಿನೊಂದಿಗೆ ತಲುಪಲಿದೆ. ಸದಸ್ಯರು ತಮ್ಮ ತೋಟದ ಕಳೆದ ಮೂರು ವರ್ಷದ ಆಳಿನ ಲೆಕ್ಕ, ಇಳುವರಿಯ ಲೆಕ್ಕ ಎರಡನ್ನೂ ಬರೆದುಕೊಂಡು ಸಭೆಗೆ ಬರಬೇಕು. ಚೀಲಕ್ಕೆ 200 ರೂಪಾಯಿ ಹೆಚ್ಚೋ ಕಡಿಮೆಯೋ ಎಂಬುದನ್ನು ಆ ಲೆಕ್ಕಗಳನ್ನು ಮುಂದಿಟ್ಟುಕೊಂಡೇ ತೀರ್ಮಾನಿಸೋಣ.